ಹತ್ತು ವಯರು, ಹನ್ನೆರಡು ನೋಟ

ಇಸಿಜಿ ಯಂತ್ರ ಮೈಗೆ ಕರೆಂಟು ಬಿಡುತ್ತದೆ ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು ನಾನು, ಆದ್ದರಿಂದ ಈ ಅಜ್ಞಾನವನ್ನು ನೀವು ಮನ್ನಿಸಬೇಕು.

ಆ ಬೆಳಿಗ್ಗೆ ಕೋಟೇಶ್ವರದ ಮನೆಯಲ್ಲಿ ಎದೆಯ ಎಡಭಾಗ ಹಿಡಿದುಕೊಂಡಿತು. ನಮ್ಮ ಕಡೆ ಎದೆನೋವಿಗೆ ಮೊದಲು ಇಡುವ ಹೆಸರು ಗ್ಯಾಸು. ಹೆಂಡತಿ ಸುಮತಿ ಓಮದ ನೀರು ಕುಡಿಸಿ, ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿಮಾಡಿ ಎದೆತುಂಬ ತಿಕ್ಕಿದಳು. ನೋವು ಜಗ್ಗಲಿಲ್ಲ. ರಿಕ್ಷಾ ಹಿಡಿದು ಕುಂದಾಪುರದ ಆಸ್ಪತ್ರೆಗೆ ಬಂದೆವು.

ಇಸಿಜಿ ತೆಗೆಯುವವಳು ಬೈಂದೂರು ಕಡೆಯ ಹೆಣ್ಣುಮಗಳು. ಕೈಕಾಲಿಗೆ ನಾಲ್ಕು ಕ್ಲಿಪ್ಪು ಸಿಕ್ಕಿಸಿ, ಎದೆಗೆ ಗಾಳಿ ಹೀರಿ ಅಂಟುವ ಆರು ರಬ್ಬರ್ ಬುಗ್ಗೆ ಒತ್ತಿದಳು. ಆರೂ ಒಂದೊಂದಾಗಿ ಜಾರಿ ಬಿದ್ದವು.

"ಇದೆಂತ ಸರ್, ಎಣ್ಣಿ ಸ್ನಾನ ಮಾಡಿ ಬಂದದ್ದಾ?" ಎಂದವಳೇ ಬಾಗಿಲಲ್ಲಿದ್ದ ಸುಮತಿಯ ಕಡೆ ತಿರುಗಿ, "ಎದಿನೋವ್ ಅಂದ್ರೆ ಎಣ್ಣಿ ತಿಕ್ಕುಕಾಗ ಅಕ್ಕಾ, ಸೀದಾ ಇಲ್ಲಿಗ್ ಬರ್ಕ್" ಎಂದಳು. ಎಣ್ಣೆ ಒರೆಸುವುದಕ್ಕೇ ಐದು ನಿಮಿಷ ಹೋಯಿತು.

ಕರೆಂಟು ಎಷ್ಟು ಬಿಡುತ್ತೀರಿ ಎಂದು ಕೇಳಿದೆ.

"ನಾವ್ ಎಂತದೂ ಬಿಡುದಿಲ್ಲ. ಕರೆಂಟ್ ನಿಮ್ದೇ. ನಾವ್ ಬರ್ಕಂಬುದ್ ಮಾತ್ರ."

ಹೃದಯ ಪ್ರತಿ ಬಡಿತಕ್ಕೂ ಒಂದಿಷ್ಟು ವಿದ್ಯುತ್ತು ಹರಿಸುತ್ತದಂತೆ, ಯಂತ್ರ ಅದನ್ನು ಬರೆದುಕೊಳ್ಳುವುದು ಮಾತ್ರವಂತೆ. ಹತ್ತೇ ವಯರು, ಆದರೆ ಕಾಗದದ ಮೇಲೆ ಹನ್ನೆರಡು ನೋಟ. ಎದೆಯ ಆರು ಬುಗ್ಗೆಗೆ ಆರು, ಕೈಕಾಲಿನ ವಯರುಗಳನ್ನು ಬೇರೆ ಬೇರೆ ರೀತಿ ಹೊಂದಿಸಿ ಇನ್ನಾರು. ಆ ಒಂದೊಂದು ನೋಟಕ್ಕೂ ಲೀಡ್ ಎಂದು ಹೆಸರು. ಗಂಗೊಳ್ಳಿಯಿಂದ ಹೊಳೆಯಾಚೆಯ ಕೋಡಿಗೆ ಹೊರಟ ದೋಣಿ ಕೋಡಿಯವನಿಗೆ ಬರುವಂತೆ, ಗಂಗೊಳ್ಳಿಯವನಿಗೆ ಹೋಗುವಂತೆ ಕಾಣುವುದಿಲ್ಲವೇ? ಹಾಗೆಯೇ ಒಂದು ಲೀಡಿನತ್ತ ಬರುವ ವಿದ್ಯುತ್ತಿಗೆ ಅದರ ಗೆರೆ ಮೇಲೇಳುತ್ತದೆ, ದೂರ ಹೋಗುವುದಕ್ಕೆ ಕೆಳಗಿಳಿಯುತ್ತದೆ. ಬಲಗಾಲಿನ ಕಪ್ಪು ವಯರು ಮಾತ್ರ ಯಾವ ನೋಟಕ್ಕೂ ಸೇರಿದ್ದಲ್ಲ. ಕೋಣೆಯ ಕರೆಂಟಿನ ಗಲಾಟೆ ಗೆರೆಗೆ ತಾಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಇದೆಲ್ಲ ನಾನು ಮಲಗಿದ್ದಲ್ಲೇ ಅವಳಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ತಿಳಿದದ್ದು. ಮಾತಾಡಿದಾಗ ಮೈ ಅಲುಗಿದ್ದನ್ನೂ ಯಂತ್ರ ಬಿಡದೆ ಬರೆಯುತ್ತದೆ. ಎರಡು ಹಾಳೆ ಕೆಟ್ಟವು.

"ಸಲ್ಪ ಹೊತ್ ಮಾತಾಡ್ಬೇಡಿ ಸರ್" ಎಂದು ಅವಳು ಕೈಮುಗಿದ ಮೇಲೆ ಮೂರನೆಯದು ಸರಿಯಾಯಿತು.

ಡಾಕ್ಟರು ನೋಡಿ, "ಇದ್ರಲ್ಲಿ ಎಂತ ತೊಂದ್ರೆ ಕಾಣುದಿಲ್ಲ. ಆದ್ರೆ ಇದು ಹತ್ತು ಸೆಕೆಂಡಿನ ಕಥೆ ಮಾತ್ರ. ರಕ್ತ ಪರೀಕ್ಷೆ ಮಾಡುವ, ಸಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಇಸಿಜಿ ತೆಗೆಯುವ" ಎಂದರು.

ಆಗ ನನಗೆ ನಿಜವಾಗಿ ಭಯವಾಯಿತು. ಹಾಗಾದರೆ ಹನ್ನೊಂದನೆಯ ಸೆಕೆಂಡಿನಲ್ಲಿ ಏನಾಗುತ್ತದೆ? ಗೋಡೆಯ ಗಡಿಯಾರ ನೋಡುತ್ತ ಮಲಗಿದೆ. ಸುಮತಿ ಪಕ್ಕದ ಸ್ಟೂಲಿನಿಂದ ಏಳಲೇ ಇಲ್ಲ.

ಎರಡನೆಯ ಸಲ ಒಂದೇ ಹಾಳೆಯಲ್ಲಿ ಕೆಲಸ ಮುಗಿಯಿತು. ಗೆರೆ ಮೊದಲಿನಂತೆಯೇ ಇತ್ತು, ರಕ್ತವೂ ಸರಿಯಿತ್ತು. ಹಿಂದಿನ ದಿನ ಬಾವಿಯಿಂದ ಪಂಪು ಎಳೆದವನು ನಾನೇ. ಸ್ನಾಯು ಸೆಳೆದುಕೊಂಡಿರಬೇಕು ಎಂದು ಡಾಕ್ಟರು ಮನೆಗೆ ಕಳಿಸಿದರು.

ರಿಕ್ಷಾದಲ್ಲಿ ಕೂತದ್ದೇ ನನಗೆ ಧೈರ್ಯ ಬಂತು. "ನಂಗೆಂತ ಹೆದ್ರಿಕೆ ಆಗ್ಲಿಲ್ಲ ಕಾಣ್" ಎಂದೆ.

ಸುಮತಿ ರಸ್ತೆ ನೋಡುತ್ತಲೇ ಹೇಳಿದಳು: "ಸುಳ್ಳ್ ಹೇಳ್ಬೇಡಿ. ಎರಡ್ನೇ ಸಲ ನೀವ್ ಆ ಹೆಣ್ಣಿನತ್ರ ಒಂದ್ ಪ್ರಶ್ನೆಯೂ ಕೇಣ್ಲಿಲ್ಲ."