ಓಡಿಸಿ ಓಡಿಸಿ ನೋಡಿದ ಫ್ರೆಂಚ್ ಸಿನಿಮಾ

ಅಥವಾ ರಿಮೋಟ್ ಆ ಹೊತ್ತಿಗೆ ನನ್ನ ಕೈಯಲ್ಲಿ ಇರಲೇ ಇಲ್ಲವೋ ಏನೋ. ಇತ್ತು ಎಂದೇ ಇಷ್ಟು ದಿನ ನಂಬಿಕೊಂಡಿದ್ದೇನೆ. ಹೆಬ್ಬೆರಳಿನ ಕೆಳಗೆ ಆ ರಬ್ಬರ್ ಗುಂಡಿಯ ಉಬ್ಬು ಈಗಲೂ ತಾಗುತ್ತದೆ. ಆದರೆ ಹೆಬ್ಬೆರಳನ್ನು ಸಾಕ್ಷಿಗೆ ಕರೆಯುವುದು ಹೇಗೆ? ಅದಕ್ಕೆ ದಿನಾ ಅದೇ ಕೆಲಸ. ನನ್ನ ಗೆಳೆಯ ಹರೀಶ ಹೇಳುವ ಪ್ರಕಾರ ರಿಮೋಟ್ ಸೋಫಾದ ಸಂದಿಗೆ ಬಿದ್ದಿತ್ತು, ನಾನು ತಡಕಾಡುತ್ತಿದ್ದೆ, ಅಷ್ಟರಲ್ಲಿ ತೆರೆಯ ಮೇಲೆ ಆಗಬಾರದ್ದು ಆಗಿಹೋಯಿತು, ಶಮೀಮ್ ಆಂಟಿ ಎದ್ದು ಹೊರಟೇಹೋದರು. ಹರೀಶನ ಕಥೆಯಲ್ಲಿ ಎಲ್ಲವೂ ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಅದಕ್ಕೇ ನನಗೆ ಅನುಮಾನ. ನಡೆದದ್ದು ಯಾವತ್ತೂ ಅಷ್ಟು ಶಿಸ್ತಾಗಿ ಸಾಲು ನಿಲ್ಲುವುದಿಲ್ಲ.

ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಿನಿಮಾ ನೋಡುತ್ತೇವೆ. ಓದಲು ಈ ಪರದೇಶಕ್ಕೆ ಬಂದು ಇಲ್ಲೇ ಉಳಿದುಬಿಟ್ಟ ನಾಲ್ಕಾರು ಕನ್ನಡದವರು. ಬರುವವರೆಲ್ಲ ಒಂದೊಂದು ತಿಂಡಿ ತರಬೇಕು, ಸಿನಿಮಾ ಆರಿಸುವುದು ಸರದಿಯ ಪ್ರಕಾರ. ಶಮೀಮ್ ಆಂಟಿ ನಮಗೆಲ್ಲ ಹಿರಿಯರು, ಹುಬ್ಬಳ್ಳಿಯವರು. ಪಕ್ಕದ ಬಡಾವಣೆ ಒನೆಹುಂಗಾದ ಪೇಟೆ ಬೀದಿಯಲ್ಲಿ ಅವರ ಕನ್ನಡಕದ ಅಂಗಡಿಯಿದೆ, ಕಣ್ಣು ಪರೀಕ್ಷೆ ಮಾಡುವವರೂ ಅವರೇ. ನಮ್ಮ ಗುಂಪಿನಲ್ಲಿ ಸಿನಿಮಾವನ್ನು ಸಿನಿಮಾದ ಹಾಗೆ ನೋಡುವವರು ಅವರೊಬ್ಬರೇ. ಉಳಿದವರ ಒಂದು ಕಣ್ಣು ಫೋನಿನ ಮೇಲೆ, ಇನ್ನೊಂದು ಆಂಟಿ ತಂದ ಗಿರ್ಮಿಟ್ಟಿನ ಮೇಲೆ. ಕೊನೆಗೆ ನಾವು ಕತೆ ಚೆನ್ನಾಗಿತ್ತೋ ಇಲ್ಲವೋ ಎಂದು ಜಗಳವಾಡುವಾಗ ಆಂಟಿ ಮೆಲ್ಲಗೆ, “ಆ ಮನಿ ಬಾಗ್ಲಾ ಒಮ್ಮೆನೂ ಪೂರಾ ಮುಚ್ಚಲಿಲ್ಲ, ನೋಡಿದ್ರೇನು?” ಅನ್ನುತ್ತಾರೆ. ನಾವು ಯಾರೂ ನೋಡಿರುವುದಿಲ್ಲ.

ಆವತ್ತಿನಿಂದ ಅವರು ಬರುವುದನ್ನು ಬಿಟ್ಟರು. ನನಗೆ ಬೇಕಾಗಿದ್ದದ್ದು ಇಷ್ಟೇ, ಅವರು ಮತ್ತೆ ಬರಬೇಕು. ಅವರಿಲ್ಲದೆ ನಾವು ಕತ್ತಲಲ್ಲಿ ಕೂತು ಪಕೋಡ ತಿನ್ನುವವರು, ಅಷ್ಟೆ.

ಆವತ್ತಿನ ಸಿನಿಮಾ ನನ್ನ ಆಯ್ಕೆ. ಫ್ರಾನ್ಸಿನ ಈಗಿನ ಕೆಲವು ನಿರ್ದೇಶಕರ ಮೇಲೆ ನನಗೆ ಎಷ್ಟು ಮೋಹವೋ ಅಷ್ಟೇ ಸಿಟ್ಟು. ಮುಚ್ಚಿಟ್ಟದ್ದನ್ನೆಲ್ಲ ತೆರೆಯುವುದು ಅವರ ವ್ರತ. ಮೈ, ಗಾಯ, ಹಲ್ಲು, ರಕ್ತ, ಬಚ್ಚಲು, ಯಾವುದರ ಮುಂದೆಯೂ ಅವರ ಕ್ಯಾಮೆರಾ ಮುಖ ತಿರುಗಿಸುವುದಿಲ್ಲ. ಉತ್ಸವದಲ್ಲಿ ಪ್ರೇಕ್ಷಕರು ಎದ್ದು ಹೋದರೆ ಅದನ್ನೇ ಪದಕದಂತೆ ಎದೆಗೆ ಚುಚ್ಚಿಕೊಳ್ಳುತ್ತಾರೆ. ಯಾರಾದರೂ ತಲೆತಿರುಗಿ ಬಿದ್ದರಂತೂ ಪೋಸ್ಟರಿಗೆ ಬೇರೆ ಒಕ್ಕಣೆ ಬೇಡ. ಅವರಿಗಿಂತ ಅವರ ಭಕ್ತರು ನನ್ನ ತಲೆ ತಿನ್ನುತ್ತಾರೆ. ಗಡಿ ದಾಟಿದ್ದಾರೆ, ಗಡಿ ದಾಟಿದ್ದಾರೆ ಎಂದು ಒಂದೇ ಸಮ ಬರೆಯುತ್ತಾರೆ. ಯಾವ ಗಡಿ ಸ್ವಾಮಿ? ವರ್ಷ ವರ್ಷವೂ ಅದೇ ಜಾಗದಲ್ಲಿ, ಎಲ್ಲರೂ ನೋಡುತ್ತಿರುವಾಗ ದಾಟಿದರೆ ಅದು ಗಡಿಯಲ್ಲ, ಜೀಬ್ರಾ ಕ್ರಾಸಿಂಗು.

ನಮ್ಮ ರಸಶಾಸ್ತ್ರದವರು ಜುಗುಪ್ಸೆಯನ್ನು ಎಂದೋ ಒಳಗೆ ಕರೆದು, ಬೀಭತ್ಸ ಎಂದು ಹೆಸರಿಟ್ಟು, ಶೃಂಗಾರ ಕರುಣಗಳ ಪಂಕ್ತಿಯಲ್ಲೇ ಅದಕ್ಕೂ ಎಲೆ ಹಾಕಿದರು. ಬಯಲಾಟದಲ್ಲಿ ವೇಷದವನು ಕರುಳು ಬಗೆದು ಮಾಲೆ ಹಾಕಿಕೊಂಡರೆ ಜನ ಎದ್ದು ಹೋಗಲಿಲ್ಲ, ಇನ್ನೂ ಮುಂದೆ ಜರುಗಿ ಕೂತರು. ಸಿನಿಮಾ ಶುರುವಾಗುವ ಮುಂಚೆ ನಾನು ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಹೇಳಿದೆ ಎಂದು ಕಾಣುತ್ತದೆ.

“ಹಾಕೋ ಮಾರಾಯ, ಪಕೋಡ ಆರೋಗ್ತಾ ಇದೆ,” ಎಂದ ಹರೀಶ.

ಇಷ್ಟೆಲ್ಲ ಹೇಳಿದವನು ರಿಮೋಟ್ ಹಿಡಿದು ಕೂತದ್ದು ಯಾಕೆ? ಅದು ಮನೆತನದಿಂದ ಬಂದ ಅಭ್ಯಾಸ. ಟೀವಿಯಲ್ಲಿ ನಾಯಕ ನಾಯಕಿಯ ಮುಖಗಳು ಹತ್ತಿರವಾದರೆ ಅಪ್ಪ ಕೆಮ್ಮುತ್ತಿದ್ದರು, ಅಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ನನಗೆ ಕುಡಿಯುವ ನೀರು ತರಲು ಹೇಳುತ್ತಿದ್ದರು. ನೀರು ತಂದಾಗ ತೆರೆಯ ಮೇಲೆ ಎರಡು ಹೂವುಗಳು ತಲೆ ತೂಗುತ್ತಿದ್ದವು. ಅಪ್ಪ ನಿಜವಾಗಿ ಕೆಮ್ಮುತ್ತಿದ್ದರೋ, ಗೆಳೆಯರ ಮನೆಗಳ ಅಪ್ಪಂದಿರ ಕೆಮ್ಮನ್ನೆಲ್ಲ ಕೂಡಿಸಿ ನಾನೇ ಒಬ್ಬ ಅಪ್ಪನನ್ನು ಮಾಡಿಕೊಂಡಿದ್ದೇನೋ, ಈಗ ಹೇಳಲಾರೆ. ಕೆಮ್ಮಿನ ಕೆಲಸ ಮಾತ್ರ ನನಗೆ ಬಂದಿದೆ. ಹಿರಿಯರು ಕೂತಿರುವ ಕೋಣೆಯಲ್ಲಿ ಗಡಿ ದಾಟುವ ಸಿನಿಮಾ ಹಾಕುವುದು, ಗಡಿ ಬಂದಾಗಲೆಲ್ಲ ಗುಂಡಿ ಒತ್ತಿ ಓಡಿಸುವುದು! ಎರಡು ದಿನ ಮುಂಚೆಯೇ ಒಬ್ಬನೇ ಕೂತು ನೋಡಿ, ಎಲ್ಲೆಲ್ಲಿ ಓಡಿಸಬೇಕೆಂದು ಗುರುತು ಇಟ್ಟುಕೊಂಡಿದ್ದೆ. ಉಳಿದ ಭಾಗಗಳು ನಿರುಪದ್ರವಿ ಎಂದು ಆಗೆಲ್ಲ ಫೋನು ನೋಡುತ್ತಿದ್ದೆ.

ಆ ಸಿನಿಮಾದಲ್ಲಿ ಒಬ್ಬ ಹುಡುಗಿ. ಹೋಟೆಲಿನಲ್ಲಿ ಹಾಸಿಗೆಯ ಹೊದಿಕೆ ಒಗೆಯುವ ಕೆಲಸ. ರಾತ್ರಿ ಅಪರಿಚಿತರ ಕೋಣೆಗಳಿಗೆ ಹೋಗುತ್ತಾಳೆ, ಅಲ್ಲಿ ನಡೆಯುವುದನ್ನು ಇಲ್ಲಿ ಬರೆಯಲು ನನಗೂ ಕೆಮ್ಮು ಬರುತ್ತದೆ. ಬೆಳಗ್ಗೆ ಮನೆಗೆ ಬರುತ್ತಾಳೆ. ತಾಯಿ ಸೂಪು ಬಡಿಸುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಕ್ಯಾಮೆರಾ ಮೇಜಿನ ತುದಿಯಲ್ಲಿ ಅಲುಗಾಡದೆ ನಿಂತಿರುತ್ತದೆ. ನಾನು ಓಡಿಸಬೇಕಾದ್ದನ್ನೆಲ್ಲ ಓಡಿಸಿದ ಮೇಲೆ ಉಳಿದದ್ದು ಇದೊಂದೇ. ತಾಯಿ ಸೂಪು ಬಡಿಸುತ್ತಾಳೆ, ಮಗಳು ಉಣ್ಣುವುದಿಲ್ಲ. ಮತ್ತೆ ಬಡಿಸುತ್ತಾಳೆ, ಮಗಳು ಮತ್ತೆ ಉಣ್ಣುವುದಿಲ್ಲ. ಫ್ರಾನ್ಸನ್ನೇ ನಡುಗಿಸಿದ ಸಿನಿಮಾ ನಮ್ಮ ಮನೆಯಲ್ಲಿ ಊಟ ಬಿಟ್ಟ ಮಗಳ ಸಿನಿಮಾ ಆಯಿತು.

ಅಂಥ ಒಂದು ಊಟದ ಹೊತ್ತಿನಲ್ಲಿ ಆಂಟಿ ಎದ್ದರು. ನನ್ನ ನೆನಪು ಹಾಗೆ ಹೇಳುತ್ತದೆ. ಅವರು ಸಂಜೆಯ ನಮಾಜಿಗೆ ಎದ್ದರೆಂದು ನಾನು ಒಳಕೋಣೆಯ ದೀಪ ಹಾಕಲು ಹೋದೆ. ಚಳಿಗಾಲ, ಬೇಗ ಕತ್ತಲಾಗಿತ್ತು. ಹೊರಗೆ ಕಾರು ಹೊರಟ ಸದ್ದು ಕೇಳಿತು.

ಹರೀಶನಿಗೆ ಇಷ್ಟು ಸಾಕಾಯಿತು. ಊರಿನ ಇನ್ನೊಂದು ತುದಿಯ ಹೆಂಡರ್ಸನ್‌ನಲ್ಲಿ ಒಬ್ಬರ ಮನೆಯ ನಾಮಕರಣಕ್ಕೆ ಹೋದರೆ ಅಲ್ಲಿ ಕಥೆ ನನಗಿಂತ ಮುಂಚೆ ಬಂದು ಕೂತಿತ್ತು. “ಪಾಪ, ಆಂಟಿ ಸೆರಗಲ್ಲಿ ಮುಖ ಮುಚ್ಕೊಂಡು ಓಡ್ಬಿಟ್ರು ಕಣ್ರೀ!” ಎಂದು ಹರೀಶ ಕೇಸರಿಬಾತಿನ ತಟ್ಟೆ ಹಿಡಿದು ಅಭಿನಯಿಸುತ್ತಿದ್ದ. ಆಂಟಿ ಆವತ್ತು ಹಾಕಿಕೊಂಡಿದ್ದದ್ದು ಉಣ್ಣೆಯ ಜಾಕೆಟ್ಟು, ಸೆರಗೇ ಇರಲಿಲ್ಲ. ಹೇಳಿದೆ. “ಜಾಕೆಟ್ಟಾದ್ರೆ ಏನು ಮಜಾ ಇರತ್ತೆ ಹೇಳು?” ಎಂದ. ಎಲ್ಲರೂ ನಕ್ಕರು. ಅರವತ್ತು ದಾಟಿದ ಮುಸ್ಲಿಂ ಹೆಂಗಸು, ಬೆತ್ತಲೆ ಫ್ರೆಂಚ್ ಸಿನಿಮಾ. ಇಷ್ಟು ಕೊಟ್ಟರೆ ಮಿಕ್ಕದ್ದನ್ನು ಜನ ತಾವೇ ಬರೆದುಕೊಳ್ಳುತ್ತಾರೆ. ನನಗೆ ರೇಗಿತು. ಆ ನಿರ್ದೇಶಕನಿಗೂ ಇವರಿಗೂ ಏನು ವ್ಯತ್ಯಾಸ? ಎದ್ದು ಹೋದವರು ಬೆಚ್ಚಿಬಿದ್ದೇ ಹೋದರು ಎಂದು ಇಬ್ಬರೂ ನಂಬಿದ್ದಾರೆ.

ಕಣ್ಣು ಪರೀಕ್ಷೆಯ ನೆಪ ಮಾಡಿಕೊಂಡು ಒನೆಹುಂಗಾಕ್ಕೆ ಹೋದೆ. ಕತ್ತಲೆ ಕೋಣೆ, ಎದುರಿಗೆ ಬೆಳಗುವ ಅಕ್ಷರಗಳು, ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು. ಆಂಟಿ ಗಾಜು ಬದಲಿಸುತ್ತ ಕೇಳಿದರು.

“ಇದು ಚಲೋ ಕಾಣ್ತೈತೋ, ಇದೋ?”

“ಮೊದಲನೇದು ಆಂಟಿ. ಅಲ್ಲ, ಎರಡನೇದು. ಮೊದಲನೇದು ಹೇಗಿತ್ತು ಅಂತ ಮರೆತೋಯ್ತು.”

“ಈಗಿಂದೀಗ ಮರ್ತಿ! ಮ್ಯಾಲೆ ಭಾಷಣಾ ಮಾತ್ರ ತಾಸಗಟ್ಟಲೆ ಮಾಡ್ತಿ.”

ಕತ್ತಲಿದ್ದದ್ದರಿಂದ ಧೈರ್ಯ ಬಂತು. “ಆವತ್ತು ನಿಮಗೆ ಬೇಜಾರಾಯ್ತಾ ಆಂಟಿ? ಅಂಥ ಸೀನು ಇರೋ ಸಿನಿಮಾ ಹಾಕಬಾರದಿತ್ತು.”

“ಯಾವ ಸೀನು ನೋಡಾಕ ಬಿಟ್ಟಿ ನೀ? ಬರೇ ಓಡಿಸ್ಕೋತ ಕುಂತಿದ್ದಿ. ನಾ ದಿನಾ ಮಂದಿ ಕಣ್ಣಾಗ ಇಣುಕಿ ನೋಡಾಕಿ. ಮೈ ನೋಡಿ ನನಗೇನ ಆಗೂದೈತಿ?”

“ಮತ್ತೆ ಯಾಕೆ ಎದ್ದು ಹೋದ್ರಿ?”

ಆಂಟಿ ಗಾಜು ತೆಗೆದು ಬಟ್ಟೆಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಆ ಹುಡುಗಿ ಕಡೀಕ ಉಂಡಳೇನು?”

“ಯಾವ ಹುಡುಗಿ?”

“ಯಾವ ಹುಡುಗಿ ಅಂತ ಕೇಳ್ತಾನ ನೋಡು! ಅವರವ್ವಾ ಬಡಿಸಿಕೊಂಡು ಕುಂತಿದ್ದಳಲ್ಲ, ಅಕಿ. ನಾ ಇರೂತನಕಾ ಒಂದ ಚಮಚಾ ಬಾಯಿಗೆ ಇಟ್ಟಿರಲಿಲ್ಲ.”

ಎರಡು ಸಲ ನೋಡಿದ್ದೆ. ಒಂದು ಸಲ ಫೋನು ನೋಡುತ್ತ, ಇನ್ನೊಂದು ಸಲ ಆಂಟಿ ಹೋದ ಬಾಗಿಲನ್ನು ನೋಡುತ್ತ. “ಗೊತ್ತಿಲ್ಲ ಆಂಟಿ,” ಎಂದೆ.

“ನೋಡಿ ಹೇಳು. ಆಮ್ಯಾಲೆ ನಿಮ್ಮನಿಗೆ ಬರೂ ವಿಚಾರ ಮಾಡೂಣು.”

ಮರುದಿನ ಬೆಳಗ್ಗೆಯೇ ಕೂತೆ. ಈ ಸಲ ಏನನ್ನೂ ಓಡಿಸಲಿಲ್ಲ. ಕೋಣೆಗಳನ್ನೂ ರಕ್ತವನ್ನೂ ಪೂರ್ತಿ ನೋಡಿದೆ. ನಿಜ ಹೇಳಬೇಕೆಂದರೆ ಆಕಳಿಕೆ ಬಂತು. ಕೊನೆಯ ಊಟ ಬಂದಾಗ ಮಾತ್ರ ಮುಂದೆ ಜರುಗಿ ಕೂತೆ. ತಾಯಿ ಬಡಿಸಿದಳು. ಮಗಳು ಚಮಚ ಎತ್ತಿಕೊಂಡಳು. ಅಷ್ಟರಲ್ಲಿ, ಇಡೀ ಸಿನಿಮಾದಲ್ಲಿ ಎಲ್ಲಿಯೂ ಮುಖ ತಿರುಗಿಸದ ಆ ಕ್ಯಾಮೆರಾ ಮೆಲ್ಲಗೆ ತಿರುಗಿ ಖಾಲಿ ಗೋಡೆಯನ್ನು ನೋಡತೊಡಗಿತು. ತಟ್ಟೆಗೆ ಚಮಚ ತಾಗಿದ ಸದ್ದು. ಮುಗಿಯಿತು. ಹಿಂದಕ್ಕೆ ಓಡಿಸಿ ನೋಡಿದೆ. ಅದೇ ಗೋಡೆ.

ಫೋನು ಮಾಡಿ ಹೇಳಿದೆ. “ತೋರಿಸಿಲ್ಲ ಆಂಟಿ. ಗೋಡೆ ತೋರಿಸಿ ಮುಗಿಸಿಬಿಟ್ಟಿದ್ದಾನೆ.”

“ತೋರಿಸಿಲ್ಲಾ? ಅಷ್ಟೆಲ್ಲಾ ಬಿಚ್ಚಿ ತೋರಿಸಿದಾವಗ ಇದೊಂದ ತೋರ್ಸಾಕ ನಾಚಿಕಿ ಬಂತೇನು?”

“ಚಮಚದ ಸದ್ದಿದೆ.”

“ಯಾರ ಚಮಚಾ?”

“ಗೊತ್ತಾಗಲ್ಲ.”

ಆ ಕಡೆ ಅಂಗಡಿಗೆ ಬಂದ ಯಾರಿಗೋ ಕೂರಲು ಹೇಳಿದರು. ಆಮೇಲೆ, “ಮುಂದಿನ ಸಿನಿಮಾ ಯಾರದು?” ಎಂದರು.

“ಹರೀಶಂದು.”

“ಹಂಗಾರ ಬರ್ತೀನಿ. ಅವ ಹಾಕೂ ಸಿನಿಮಾದಾಗ ಎಲ್ಲಾರೂ ಹೊಟ್ಟಿ ತುಂಬ ಉಣ್ತಾರ.”

ಬಂದರು. ಗಿರ್ಮಿಟ್ ತಂದರು. ಹರೀಶನ ಸಿನಿಮಾದಲ್ಲಿ ಎರಡು ಮದುವೆ ಊಟಗಳಿದ್ದವು, ಆಂಟಿ ಕೊನೆಯವರೆಗೂ ಕೂತರು. ಸೆರಗಿನ ಕಥೆಯನ್ನು ಹರೀಶ ಈಗಲೂ ಹೇಳುತ್ತಾನೆ. ಇತ್ತೀಚೆಗೆ ಅದರಲ್ಲಿ ಆಂಟಿ ಚಪ್ಪಲಿ ಬಿಟ್ಟು ಓಡುತ್ತಾರೆ. ಆ ಹೊತ್ತಿಗೆ ರಿಮೋಟ್ ಎಲ್ಲಿತ್ತು, ನನಗೆ ಗೊತ್ತಿಲ್ಲ. ಹುಡುಗಿ ಉಂಡಳೋ ಇಲ್ಲವೋ, ಗೊತ್ತಿಲ್ಲ. ಆಂಟಿ ಯಾಕೆ ಎದ್ದು ಹೋದರು ಎಂದು ನಾನು ಮತ್ತೆ ಕೇಳಲಿಲ್ಲ, ಅವರು ಹೇಳಲಿಲ್ಲ. ಅದೂ ಗೊತ್ತಿಲ್ಲ.