ರೆಫೂಹಿಯೊಳನ್ನು ಹುಡುಕಿಕೊಂಡು ಸ್ಯಾನ್ ಡಿಯೇಗೋಗೆ

ಜೂನ್ ತಿಂಗಳ ಒಂದು ಮಬ್ಬು ಬೆಳಿಗ್ಗೆ ನಾವಿಬ್ಬರು ಬೀಗಿತಿಯರು ರೆಡೊಂಡೊ ಬೀಚಿನ ಮನೆಯಿಂದ ಹೊರಟೆವು. ಇಸವಿ ಎರಡು ಸಾವಿರದ ನಾಲ್ಕು. ಸಮುದ್ರದ ಮೇಲಿನ ಮಂಜು ಬೀದಿಯ ತನಕ ಬಂದು ನಿಂತಿತ್ತು. ಕಾರು ನಡೆಸುತ್ತಿದ್ದವಳು ನನ್ನ ಮಗಳು ಶೈಲಾ. ಹಿಂದಿನ ಸೀಟಿನಲ್ಲಿ ನಾನು ಮತ್ತು ಅವಳ ಅತ್ತೆ ಡೊರೊತಿ.

"ಅಮ್ಮಾ, ಇಬ್ರೂ ಕೂಡಿ ಎಲ್ಲರೆ ಕಳದು ಹೋದೀರಿ. ಹುಡುಕಲಿಕ್ಕೆ ಹೋದವರನ್ನ ಹುಡುಕೋದು ನನಗ ಆಗೂದಿಲ್ಲ," ಎಂದಳು ಶೈಲಾ.

ಡೊರೊತಿಯ ಮುತ್ತಜ್ಜ ಎಫ್ರೇಮ್, ಎತ್ತಿನ ಬಂಡಿ ಹೂಡಿಕೊಂಡು ಮರುಭೂಮಿ ದಾಟಿ ಬಂದು, ಸ್ಯಾನ್ ಡಿಯೇಗೋದ ಪೂರ್ವದ ಗುಡ್ಡಗಳಲ್ಲಿ ನೆಲೆಸಿದ ಮೊದಲಿಗರಲ್ಲಿ ಒಬ್ಬ. ಅವನ ಸಮಾಧಿಗೆ ಹೊಸ ಕಲ್ಲು ತಯಾರಾಗುತ್ತಿತ್ತು. ಪಕ್ಕದಲ್ಲಿ ಹೆಂಡತಿಯ ಹೆಸರೂ ಬರಬೇಕು. ಯಾವ ಹೆಂಡತಿ ಎಂಬುದೇ ಜಗಳ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದರೂ ಡೊರೊತಿಯ ಇಂಗ್ಲಿಷ್ ನನ್ನ ಕಿವಿಗೆ ಧಾರವಾಡದ ಕನ್ನಡವಾಗಿಯೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ.

"ನಮ್ಮಣ್ಣ ಅಂತಾನ, ಮೊದಲನೇ ಹೆಂಡತಿ ರೆಫೂಹಿಯೊ ಸ್ಪ್ಯಾನಿಷ್‌ದಾಕಿ, ಲಗೂನ ಸತ್ತಳು, ನಾವೆಲ್ಲ ಎರಡನೇಕಿ ರೂತ್‌ನ ಮಂದಿ ಅಂತ. ಆದ್ರ ನಮ್ಮಜ್ಜಿ, ಆಕಿ ರೂತ್‌ನ ಮಗಳು, ಏನಂತಿದ್ಲು ಗೊತ್ತೇನು? ಸುತ್ತ ಯಾರೂ ಇರದಾಗ ನಮ್ಮವ್ವ ಕೋಳಿ ಜೋಡಿ ಸ್ಪ್ಯಾನಿಷ್ ಮಾತಾಡ್ತಿದ್ಲು ಅಂತ. ನಾ ಯಾರ ಹೊಟ್ಟೀಲೆ ಬಂದಾಕಿ ಅಂತ ಸಾಯೂದ್ರಾಗ ಗೊತ್ತಾಗಬೇಕು ನನಗ."

ಮೊದಲ ದಿನ ಲಾಸ್ ಏಂಜಲೀಸಿನ ಒಂದು ವಂಶಾವಳಿ ಲೈಬ್ರರಿಯಲ್ಲಿ ಕಳೆಯಿತು. ಪ್ರವೇಶ ಫ್ರೀ. ಕತ್ತಲ ಕೋಣೆಯಲ್ಲಿ ಸಾಲಾಗಿ ಮೈಕ್ರೊಫಿಲ್ಮ್ ಮಷೀನುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಮುದುಕ ಮುದುಕಿ, ತಂತಮ್ಮ ಸತ್ತವರನ್ನು ತಿರುಗಿಸುತ್ತ. ಹಿಡಿಕೆ ತಿರುವಿದಂತೆ ಯಾರದೋ ಕೈಬರಹ ಹೊಳೆಯ ನೀರಿನ ಹಾಗೆ ಹರಿದುಹೋಗುತ್ತಿತ್ತು. ನನಗೆ ನಾನು ಓದಿದ ಕಾನ್ವೆಂಟಿನ ಚಾಪೆಲ್ ನೆನಪಾಯಿತು. ಅದೇ ಮಂದ ಬೆಳಕು, ಅದೇ ಪಿಸುಮಾತು.

ಹಳೆಯ ಸೆನ್ಸಸ್ಸಿನಲ್ಲಿ ಎಫ್ರೇಮ್ ಸಿಕ್ಕ. ಹೆಂಡತಿ ರೆಫೂಹಿಯೊ, ವಯಸ್ಸು ಹದಿನೆಂಟು, ಹುಟ್ಟಿದ್ದು ಕ್ಯಾಲಿಫೋರ್ನಿಯಾ. ಮುಂದಿನ ಸೆನ್ಸಸ್, ಅಂದರೆ ಹತ್ತು ವರ್ಷದ ಮೇಲೆ: ಹೆಂಡತಿ ರೂತ್, ಇಪ್ಪತ್ತೆಂಟು, ಕ್ಯಾಲಿಫೋರ್ನಿಯಾ.

"ಹೋದಳು ಪಾಪ. ಅಣ್ಣ ಹೇಳಿದ್ದ ಖರೆ ಆತು," ಎಂದು ಡೊರೊತಿ ಕನ್ನಡಕ ತೆಗೆದಳು.

ಮಧ್ಯಾಹ್ನವೆಲ್ಲ ರೆಫೂಹಿಯೊಳ ಸಾವನ್ನು ಹುಡುಕಿದೆವು. ಯಾವ ದಫನದ ದಾಖಲೆಯಲ್ಲೂ ಆಕೆ ಇರಲಿಲ್ಲ.

ಮರುದಿನ ಯೂನಿಯನ್ ಸ್ಟೇಷನ್ನಿನಿಂದ ರೈಲು. ಸೀನಿಯರ್ ಸಿಟಿಜನ್ ಎಂದು ಟಿಕೆಟ್ಟಿನಲ್ಲಿ ಸ್ವಲ್ಪ ಕಡಿತ ಸಿಕ್ಕಿತು. ಸ್ಯಾನ್ ಡಿಯೇಗೋಗೆ ಮೂರು ಗಂಟೆಯ ಹಾದಿ. ಅರ್ಧ ದಾರಿ ಕಳೆದ ಮೇಲೆ ಹಳಿ ಸಮುದ್ರದ ಪಕ್ಕಕ್ಕೇ ಬಂತು. ಮಂಜಿನಲ್ಲಿ ನೀರು ಯಾವುದು, ಮುಗಿಲು ಯಾವುದು ತಿಳಿಯುತ್ತಿರಲಿಲ್ಲ; ಸರ್ಫಿಂಗ್ ಹುಡುಗರು ಆಕಾಶದಲ್ಲೇ ಕುಳಿತಂತಿದ್ದರು. ನಾನು ಕಟ್ಟಿಕೊಂಡು ಬಂದಿದ್ದ ಹಚ್ಚಿದ ಅವಲಕ್ಕಿಯನ್ನು ಡೊರೊತಿ ಪೇಪರ್ ಕಪ್ಪಿನಿಂದ ತಿಂದು, ಮೆಣಸಿನಕಾಯಿಗೆ ಕಣ್ಣೊರೆಸಿಕೊಂಡು, ಮತ್ತೆ ಕಪ್ಪು ಚಾಚಿದಳು.

ಕಣ್ಣಿಗೆ ಜೊಂಪು ಹತ್ತಿತು. ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ನನ್ನ ಸೋದರತ್ತೆ "ಮನೋರಮಾ, ಮನೋರಮಾ" ಎಂದು ಕೂಗುತ್ತಿದ್ದಳು. ನಾನು ಕಿಟಕಿಯಲ್ಲೇ ಕೂತಿದ್ದೆ, ಆದರೂ ಅದು ಯಾರ ಹೆಸರೆಂದು ಹೊಳೆಯದೆ ಸುಮ್ಮನಿದ್ದೆ. ಎಚ್ಚರವಾದದ್ದೇ ಡೊರೊತಿಯ ತೋಳು ಅಲುಗಿಸಿದೆ.

"ಡೊರೊತಿ, ಆಕಿ ಸತ್ತೇ ಇಲ್ಲ. ಹದಿನೆಂಟಕ್ಕ ಹತ್ತು ಕೂಡಿಸು."

"ಇಪ್ಪತ್ತೆಂಟು. ಆದ್ರ ಹೆಸರು ಬ್ಯಾರೆ ಅದಲ್ಲ. ಮದುವಿ ಆದ್ರ ಬದಲಾಗೂದು ಸರ್‌ನೇಮ್."

"ನಮ್ಮ ಕಡೆ ಪೂರಾ ಬದಲಾಗ್ತದ. ತಾಟಿನಾಗ ಅಕ್ಕಿ ಹರವಿ, ಗಂಡ ಬಂಗಾರದ ಉಂಗುರಲೆ ಹೊಸಾ ಹೆಸರು ಬರೀತಾನ. ಮುಂಜಾನೆ ನಾ ಮನೋರಮಾ ಇದ್ದೆ, ಊಟದ ಪಂಕ್ತಿಗೆ ಕೂಡೂದ್ರಾಗ ಇಂದಿರಾ ಆಗಿದ್ದೆ."

ಡೊರೊತಿ ನನ್ನ ಕಡೆ ಹೊರಳಿ ಕೂತಳು. ಎಂಟು ವರ್ಷದಿಂದ ಬೀಗಿತಿ, ನನ್ನನ್ನು ಈಗಷ್ಟೇ ಪರಿಚಯ ಮಾಡಿಕೊಂಡಂತೆ.

"ನಿನ್ನ ಕೇಳಿದ್ರೇನು?"

"ಯಾರು ಕೇಳ್ತಾರ? ಕಾನ್ವೆಂಟಿನ ಗೆಳತ್ಯಾರು ಮನೋರಮಾಗ ಪತ್ರ ಬರದ್ರ, ಅಂಥಾಕಿ ಇಲ್ಲೆ ಯಾರೂ ಇಲ್ಲ ಅಂತ ನಮ್ಮತ್ತಿ ಪೋಸ್ಟ್‌ಮ್ಯಾನ್‌ಗ ಹೊಳ್ಳಿಸಿ ಕೊಡ್ತಿದ್ರು."

ಸ್ಯಾನ್ ಡಿಯೇಗೋದಲ್ಲಿ ಇಳಿದಾಗ ಬಿಸಿಲು ಬಂದಿತ್ತು. ಎಫ್ರೇಮ್ ಹೋಗುತ್ತಿದ್ದ ಪ್ರಾಟೆಸ್ಟೆಂಟ್ ಚರ್ಚಿನ ಹಳೆಯ ರಿಜಿಸ್ಟರ್‌ಗಳಿದ್ದ ಕಚೇರಿಗೆ ಟ್ಯಾಕ್ಸಿ ಹಿಡಿದೆವು. ಅಲ್ಲಿದ್ದ ಹೆಂಗಸು ಡೊರೊತಿಯ ಗುರುತು ಹಿಡಿದು, "ಹೋದ ವರ್ಷವೂ ಬಂದಿದ್ದಿರಲ್ಲ, ರೆಫೂಹಿಯೊ ಇಲ್ಲಿ ಇಲ್ಲ," ಎಂದಳು.

"ಈ ಸಲ ರೂತ್‌ನ ಕೊಡ್ರಿ," ಎಂದಳು ಡೊರೊತಿ.

ದೊಡ್ಡವರಾದ ಮೇಲೆ ಬ್ಯಾಪ್ಟಿಸಮ್ ಪಡೆದವರ ಪುಟದಲ್ಲಿ ಒಂದೇ ಸಾಲು: ರೂತ್, ಎಫ್ರೇಮನ ಪತ್ನಿ, ಮುಂಚೆ ರೆಫೂಹಿಯೊ. ಆ 'ಮುಂಚೆ'ಯ ಮೇಲೆ ಡೊರೊತಿ ಬೆರಳಿಟ್ಟಳು, ತೆಗೆಯಲಿಲ್ಲ. ಅವಳ ಮೂಗಿನ ತುದಿ ಕೆಂಪಾಗಿತ್ತು. "ಕೋಳಿಗೆ ಮಾತ್ರ ಗೊತ್ತಿತ್ತು ನೋಡು," ಎಂದಳು.

ಅಲ್ಲಿಂದ ಕಲ್ಲು ಕೆತ್ತುವವನ ಅಂಗಳಕ್ಕೆ. ಹಾದಿಯುದ್ದಕ್ಕೂ ಡೊರೊತಿ ಸಿಟ್ಟಿನಲ್ಲಿದ್ದಳು. "ರೂತ್ ಅಂತ ಹಾಕೂದ ಬ್ಯಾಡ. ಆಕಿ ಕಡೆಯಿಂದ ಕಸಗೊಂಡಿದ್ದನ್ನ ಆಕಿಗೇ ಕೊಡೋಣು."

ಕಿಟಕಿಯಾಚೆ ಒಣ ಹುಲ್ಲಿನ ಗುಡ್ಡಗಳು ಕಂದು ಬಣ್ಣದ ಕನಸಿನ ಹಾಗೆ ಸರಿಯುತ್ತಿದ್ದವು. ನನಗೆ ಯಾಕೋ ತಡೆಯಲಾಗಲಿಲ್ಲ.

"ಹಂಗ ಮಾಡಬ್ಯಾಡ. ನಮ್ಮ ಶೈಲಾ ಹುಟ್ಟಿದ್ದು ಇಂದಿರಾಗ. ನಮ್ಮ ಮನಿಯವರು ಕಡೀಗೆ ಕರದದ್ದೂ ಇಂದಿರಾ ಅಂತನ. ನನಗ ಅದನ್ನ ಯಾರೂ ಕೇಳಿ ಕೊಟ್ಟಿಲ್ಲ, ಖರೆ. ಈಗ ಕೇಳದ ಕಸಗೊಂಡ್ರ ನನಗೇನು ಉಳೀತದ? ನಿಮ್ಮಜ್ಜಿಗೆ ಅವ್ವ ಅಂದ್ರ ರೂತ್."

ಟ್ಯಾಕ್ಸಿ ಇಳಿಯುವಾಗ ಡೊರೊತಿ ನನ್ನ ಕೈ ಹಿಡಿದುಕೊಂಡಳು.

ಕಲ್ಲಿನವನು ದಪ್ಪ ಮೀಸೆಯ, ನಿಧಾನದ ಮನುಷ್ಯ. ಬೂದು ಗ್ರಾನೈಟಿನ ಮೇಲೆ ಎಫ್ರೇಮನ ಹೆಸರನ್ನು ಆಗಲೇ ಚಾಕ್‌ನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದ. ಡೊರೊತಿ ಎರಡು ಹೆಸರು ಹೇಳಿದಳು, ರೆಫೂಹಿಯೊ ಮೊದಲು.

"ಇಬ್ಬರು ಹೆಂಡಂದಿರೇ?" ಎಂದ ಅವನು.

"ಒಬ್ಬಾಕಿನ."

ಅವನು ತಲೆ ಕೆರೆದುಕೊಂಡು, ಟೇಪು ಹಿಡಿದು ಅಳೆದ. "ಒಂದೇ ಸಾಲಿಗೆ ಹಿಡಿಸುವುದಿಲ್ಲ, ಮ್ಯಾಮ್. ಇವರಿಗೆ ಜಾಗ ಬೇಕೆಂದರೆ ಯಜಮಾನರ ಅಕ್ಷರ ಚಿಕ್ಕದು ಮಾಡಬೇಕಾಗುತ್ತದೆ."

"ಮಾಡ್ರಿ," ಎಂದಳು ಡೊರೊತಿ.

ಅವನು ಒದ್ದೆ ಬಟ್ಟೆಯಿಂದ ಎಫ್ರೇಮನನ್ನು ಒರೆಸಿದ. ಟ್ಯಾಕ್ಸಿ ತಿರುವಿನಲ್ಲಿ ಹೊರಳುವಾಗ ನಾನು ಹಿಂತಿರುಗಿ ನೋಡಿದೆ. ಒದ್ದೆ ಕಲ್ಲು ಬಿಸಿಲಿಗೆ ಆರುತ್ತಿತ್ತು, ಅವನು ಮೊಣಕಾಲೂರಿ ಅವಳ ಹೆಸರನ್ನು ಎಡತುದಿಯಿಂದ ಶುರುಮಾಡಿದ್ದ.