ತ್ಯಾಗಲಿಯ ಬೇಣದಲ್ಲಿ ಕೇಳಿದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ, ನಂಬುತ್ತಿರಲಿಲ್ಲ. ಶಿರಸಿ ಪೇಟೆಯಲ್ಲಿ ಔಷಧಿ ಅಂಗಡಿ ನಡೆಸುವವಳು ನಾನು. ಅಂಗಡಿಗೆ ಬಂದವರು ಏನೇನೋ ಹೇಳುತ್ತಾರೆ. ತೀರಿಹೋದ ಅಜ್ಜಿ ಕನಸಿಗೆ ಬಂದು ಬಿಪಿ ಮಾತ್ರೆ ನಿಲ್ಲಿಸು ಅಂದಳಂತೆ. "ಮಾತ್ರೆ ನಿಲ್ಲಿಸಬೇಡಿ, ಅಜ್ಜಿ ಮತ್ತೆ ಬಂದ್ರೆ ನನ್ನ ಹತ್ರ ಕಳಿಸಿ" ಎಂದು ನಗಿಸಿ ಕಳಿಸುತ್ತಿದ್ದೆ. ಈಗಲೂ ಹಾಗೆಯೇ ಕಳಿಸುತ್ತೇನೆ. ಆದರೆ ಅವರು ಹೋದ ಮೇಲೆ ಸ್ವಲ್ಪ ಹೊತ್ತು ಯೋಚಿಸುತ್ತೇನೆ.

ಇದಕ್ಕೆಲ್ಲ ಮೂಲ ಜುಬೇದಾ. ಕಾಲೇಜಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದವಳು. ಯಲ್ಲಾಪುರದಲ್ಲಿ ಅವಳ ಮನೆಯವರದು ಲಾರಿ, ಟೆಂಪೊಗಳ ವ್ಯವಹಾರ. ಗಂಡ ತೀರಿಕೊಂಡ ಮೇಲೆ ಆಫೀಸು ಅವಳದೇ. ನಡುವೆ ಅವಳಿಗೆ ಸ್ತನದ ಕ್ಯಾನ್ಸರ್ ಆಯಿತು. ಆಪರೇಶನ್, ಕಿಮೋ, ಕೂದಲು ಉದುರಿ ಮತ್ತೆ ಬಂದದ್ದು, ಎಲ್ಲದಕ್ಕೂ ಅವಳ ಜೊತೆ ಹುಬ್ಬಳ್ಳಿಗೆ ಓಡಾಡಿದವಳು ನಾನು. ವರ್ಷಗಳ ನಂತರ ಒಂದು ದಿನ ಡಾಕ್ಟರು, ಎಲ್ಲ ಸರಿ ಇದೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಾ ಜುಬೇದಾ ಹೇಳಿದಳು, "ನಾ ಹಿಮದ ಮೇಲೆ ಜಾರ್ಬೇಕು ಮಾರಾಯ್ತಿ. ಸ್ಕೀ ಅಂತಾರಲ್ಲ, ಅದು. ನೀನೂ ಬರ್ತೀಯೆ."

ಕೇಳಿದ್ದಲ್ಲ, ತಿಳಿಸಿದ್ದು. ಕಿಮೋ ಹನಿಯುತ್ತಿದ್ದಾಗ ಆ ವಾರ್ಡಿನ ಟೀವಿಯಲ್ಲಿ ಯಾರೋ ಬಿಳಿ ಗುಡ್ಡದಿಂದ ಜಾರಿ ಬರುತ್ತಿದ್ದುದನ್ನು ನೋಡುತ್ತಾ ಮಲಗಿದ್ದಳಂತೆ. ಅಂದಿನಿಂದ ಇದು ಅವಳ ಹೊಟ್ಟೆಯಲ್ಲಿತ್ತು.

ನನ್ನ ಬಲ ಮೊಣಕಾಲು ಒಮ್ಮೆ ಸ್ಕೂಟರಿನಿಂದ ಬಿದ್ದು ಮುರಿದು, ಒಳಗೆ ಸ್ಟೀಲ್ ಪ್ಲೇಟು ಹಾಕಿಸಿಕೊಂಡದ್ದು. ಮೆಟ್ಟಿಲು ಇಳಿಯುವಾಗ ಈಗಲೂ ಎಡಗಾಲನ್ನೇ ನಂಬುತ್ತೇನೆ. ನಮ್ಮ ಭಾವನವರಿಗೆ, ಎಂದರೆ ನಮ್ಮನೆಯವರ ಅಣ್ಣನಿಗೆ, ಸುದ್ದಿ ತಿಳಿದಾಗ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗುಳಿ ಬಂದು ಕುಳಿತರು.

"ತಂಗೀ, ಆ ಮೊಣಕಾಲು ತಗಂಡು ಬರ್ಫದ ಮೇಲೆ ಎಂತ ಮಾಡೂದು? ನೋಡೂಲೆ ಹೋದ್ರೆ ಸಾಕಲ್ದಾ?"

"ನೋಡೂಲಲ್ಲ ಭಾವ, ಆನು ಜಾರೂಲೇ ಹೋಗ್ತೆ" ಎಂದೆ. ಹಾಗೆ ಹೇಳುವಾಗ ನನಗೂ ಧೈರ್ಯವಿರಲಿಲ್ಲ. ನಮ್ಮನೆಯವರು ಮಾತ್ರ, "ಅಂಗಡಿ ಆನು ನೋಡ್ಕತ್ತೆ, ಹೋಗ್ಬಾ" ಎಂದರು.

ಆ ಚಳಿಗಾಲವೆಲ್ಲ ಭಾನುವಾರಗಳು ತಯಾರಿಗೇ ಹೋದವು. ಜುಬೇದಾ ಯಲ್ಲಾಪುರದಿಂದ ತಾನೇ ಕಾರು ಓಡಿಸಿಕೊಂಡು ಬರುತ್ತಿದ್ದಳು. ಊಟದ ನಂತರ ಟೀವಿಗೆ ಮೊಬೈಲು ಜೋಡಿಸಿ ಆಲ್ಪ್ಸ್ ಪರ್ವತದ ಹಳ್ಳಿಗಳನ್ನು ಒಂದೊಂದಾಗಿ ಜಾಲಾಡುತ್ತಿದ್ದೆವು, ಸ್ಕೀ ಕಲಿಸುವ ವಿಡಿಯೊಗಳನ್ನೂ ನೋಡುತ್ತಿದ್ದೆವು. ಟ್ರಾವೆಲ್ಸಿನವನೊಬ್ಬ ಎಂಟು ಊರು ತೋರಿಸಿ ಹಿಮದಲ್ಲಿ ಒಂದು ಗಂಟೆ ಫೋಟೊಕ್ಕೆ ಬಿಡುವ ಪ್ಯಾಕೇಜು ಹೇಳಿದ. "ಫೋಟೊ ತೆಗೆಸ್ಕಳ್ಳೋಕೆ ಶಿರಸಿಲೇ ಸ್ಟುಡಿಯೊ ಇದೆ" ಎಂದು ಜುಬೇದಾ ಫೋನಿಟ್ಟಳು. ಕೊನೆಗೆ ಸ್ವಿಟ್ಜರ್‌ಲೆಂಡಿನ ಎತ್ತರದ ಒಂದು ಹಳ್ಳಿ ಹಿಡಿಸಿತು. ಅಲ್ಲಿಗೆ ಕಾರು ಹೋಗುವುದಿಲ್ಲ, ಗುಡ್ಡ ಹತ್ತುವ ಪುಟ್ಟ ರೈಲಿನಲ್ಲೇ ಹೋಗಬೇಕು. ಹೊಸಬರಿಗೆ ಸ್ಕೀ ಕಲಿಸುವ ಶಾಲೆಯಿದೆ. ಅಷ್ಟು ಎತ್ತರದಲ್ಲಿ ಮಾರ್ಚಿನಲ್ಲೂ ಹಿಮ ಗಟ್ಟಿಯಿರುತ್ತದೆ, ಬಿಸಿಲೂ ಇರುತ್ತದೆ. ರಂಜಾನ್ ನೋಡಿಕೊಂಡು ವಾರ ಗೊತ್ತುಮಾಡಿದೆವು. ಅವಳಿಗೆ ಹಲಾಲ್, ನನಗೆ ಸಸ್ಯಾಹಾರ, ಹಾಗಾಗಿ ಅಡುಗೆಮನೆ ಇರುವ ಬಿಡಾರವೇ ಬೇಕು. ಸ್ಕೀ ಮಾಡುವಾಗ ಬಿದ್ದರೂ ಖರ್ಚು ಕೊಡುವ ವಿಮೆ ಬೇಕು. ಹತ್ತಿ ಕಾಲುಚೀಲ ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆಯದೇ ಬೇಕು. ಫಿಸಿಯೊಥೆರಪಿಸ್ಟ್ ಹೇಳಿದಂತೆ ನಾನು ದಿನಾ ಅಂಗಡಿಯಲ್ಲೇ ಗೋಡೆಗೆ ಬೆನ್ನು ಹಚ್ಚಿ ಮೊಣಕಾಲು ಮಡಿಸಿ ನಿಲ್ಲತೊಡಗಿದೆ. ಗಿರಾಕಿಗಳು ಕಂಡು ಗಾಬರಿಯಾದದ್ದೂ ಉಂಟು.

ಜುಬೇದಾಳಿಗೆ ಅಷ್ಟಕ್ಕೂ ಸಮಾಧಾನವಿಲ್ಲ. "ಜಾರಿ ಅಭ್ಯಾಸ ಆಗ್ಬೇಕಲ್ಲ" ಎಂದಳು. ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆಯ ಹಿಂದೆ ಒಂದು ಬೇಣವಿದೆ. ಮರಗಳಿಲ್ಲದ ಹುಲ್ಲಿನ ಗುಡ್ಡ ಅದು. ಫೆಬ್ರವರಿಯ ಹೊತ್ತಿಗೆ ಹುಲ್ಲು ಒಣಗಿ ಎಣ್ಣೆ ಸವರಿದಂತೆ ಜಾರುತ್ತದೆ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಅಲ್ಲಿ ಜಾರಿದವರೇ ನಾವೆಲ್ಲ. ಈಗ ಬೂಟಿನಡಿಗೆ ಒಂದೊಂದು ಹಾಳೆ ಕಟ್ಟಿ, ಎರಡೂ ಕೈಯಲ್ಲಿ ಬಿದಿರ ಕೋಲು ಹಿಡಿದು, ನಿಂತೇ ಜಾರುವುದು ಎಂದಾಯಿತು. ಬೇಣದ ಬುಡಕ್ಕೆ ಹುಲ್ಲಿನ ಹೊರೆ ಒಟ್ಟಿಸಿದೆವು. ಜುಬೇದಾ ಕೂಗಿಕೊಂಡು ಬಂದು ಹುಲ್ಲಿಗೆ ಬಿದ್ದು ನಗುತ್ತಾ ಏಳುತ್ತಿದ್ದಳು. ನಾನು ಪ್ರತಿ ಸಲವೂ ಮಾರುದೂರ ಹೋಗುವುದರೊಳಗೆ ಗುಡ್ಡದ ಕಡೆಗೇ ವಾಲಿ ಕೂತುಬಿಡುತ್ತಿದ್ದೆ. ಬಲಗಾಲು ಇಳಿಜಾರಿನ ಕೆಳಬದಿಗೆ ಬಂತೆಂದರೆ ಸಾಕು, ಭಾರವೆಲ್ಲ ಎಡಗಾಲಿಗೆ ಓಡುತ್ತಿತ್ತು.

ಅದು ಸಂಜೆ ಬಿಸಿಲು ಇನ್ನೂ ಇದ್ದ ಹೊತ್ತು. ಜುಬೇದಾ ಕೆಳಗೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು. "ಎಂತ ನೋಡ್ತಾ ನಿಂತೀಯೆ, ಬಾ ಕೆಳಗೆ" ಎಂದು ಕೂಗಿದಳು. ನಾನು ಹೊರಟೆ. ಕಾಲು ಜಾರತೊಡಗಿತು, ಎಂದಿನಂತೆ ಗುಡ್ಡದ ಕಡೆಗೆ ವಾಲತೊಡಗಿದೆ. ಆಗ ನನ್ನ ಎಡಗಿವಿಯ ಹಿಂದೆ, ತೀರ ಹತ್ತಿರದಲ್ಲಿ, ಒಬ್ಬ ಗಂಡಸಿನ ದನಿ ಒಂದು ಮಾತು ಹೇಳಿತು. ಕೂಗಿದ್ದಲ್ಲ. ನಡೆಯಲು ಕಲಿಯುವ ಮಗುವಿಗೆ ಹೇಳುವ ಹಾಗೆ, ಸಮಾಧಾನವಾಗಿ. "ತಾಲ್‌ಶೀ." ಮತ್ತೊಮ್ಮೆ, "ತಾಲ್‌ಶೀ."

ಅರ್ಥ ಗೊತ್ತಿರಲಿಲ್ಲ. ಆದರೆ ನನ್ನ ಮೈಗೆ ಗೊತ್ತಾದಂತಿತ್ತು. ಭಾರವನ್ನು ಬಲಗಾಲಿನ ಮೇಲೆ, ಆ ಮುರಿದ ಮೊಣಕಾಲಿನ ಮೇಲೆ ಇಟ್ಟೆ. ಅದು ತಡೆದುಕೊಂಡಿತು. ನಾನು ಬೀಳದೆ ಬೇಣದ ಅಡ್ಡಕ್ಕೆ ಕಮಾನಿನ ಹಾಗೆ ತಿರುಗಿ, ಜುಬೇದಾಳ ಪಕ್ಕ ಬಂದು ನಿಂತೆ.

"ಯಾರೇ ಕಲಿಸಿದ್ದು ನಿಂಗೆ?" ಎಂದಳು ಅವಳು.

"ಯಾರೋ ಏನೋ ಹೇಳಿದ್ರಲ್ಲ, ಕೇಳ್ಲಿಲ್ವಾ?"

ಅವಳಿಗೆ ಏನೂ ಕೇಳಿರಲಿಲ್ಲ. ಯಾರೋ ತುಳಸಿ ಎಂದು ದನವನ್ನೋ ಮಗುವನ್ನೋ ಕರೆದಿರಬೇಕು ಎಂದುಕೊಂಡೆವು. ಚಿಕ್ಕಪ್ಪನ ಮಗನ ಹೆಂಡತಿಯನ್ನು ಕೇಳಿದರೆ, "ಈ ಬದಿಗೆ ಆ ಹೆಸರಿಂದು ಯಾವ್ದೂ ಇಲ್ಲೆ ಅತ್ತಿಗೆ" ಎಂದಳು. ವಿಡಿಯೊ ಹಾಕಿ ನೋಡಿದೆವು. ಗಾಳಿಯ ಸದ್ದು, ಹುಲ್ಲಿನ ಸರಸರ, ಅಷ್ಟೇ. ಆದರೆ ತಿರುಗುವ ಮುಂಚೆ ನಾನು ತಲೆಯನ್ನು ಎಡಕ್ಕೆ ಹೊರಳಿಸಿ, ಯಾರಿಗೋ ಹ್ಞೂಂ ಎಂದಂತೆ ತಲೆ ಆಡಿಸಿದ್ದು ಅದರಲ್ಲಿ ಸ್ಪಷ್ಟವಾಗಿತ್ತು. ಜುಬೇದಾ ನಗಲಿಲ್ಲ. ನಾನೇ ವಿಷಯ ಬದಲಿಸಿದೆ.

ಮಾರ್ಚಿನಲ್ಲಿ ಹೊರಟೆವು. ಪುಟ್ಟ ರೈಲು ಹಿಮದ ಗೋಡೆಗಳ ನಡುವೆ ಹತ್ತಿ ಆ ಹಳ್ಳಿಯಲ್ಲಿ ನಿಂತಾಗ ಜುಬೇದಾ ಕೆಳಗಿಳಿದು, ಕೈಗವಸು ಕಳಚಿ, ಬರಿಗೈಯಲ್ಲಿ ಹಿಮ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ನಾನು ಬೇರೆ ಕಡೆ ನೋಡಿದೆ. ನಮಗೆ ಕಲಿಸಲು ಬಂದವಳು ಊರ್ಸುಲಾ ಎಂಬ ಗಟ್ಟಿಮುಟ್ಟಾದ ಹೆಂಗಸು. ನಮ್ಮದೇ ವಯಸ್ಸು. ಇಂಗ್ಲಿಷಿನಲ್ಲಿ ಕಲಿಸುತ್ತಿದ್ದಳು. ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಮೊದಲ ದಿನಗಳು ಬೀಳುವುದು, ಏಳುವುದು. ಬಿದ್ದಾಗಲೆಲ್ಲ ಜುಬೇದಾ, "ಕಿಮೋಗಿಂತ ಇದು ಭಾರೀ ಸಲೀಸು" ಎನ್ನುತ್ತಿದ್ದಳು. ಬಿಡಾರಕ್ಕೆ ಬಂದು ಅವಲಕ್ಕಿ ಕಲಸಿ ತಿಂದು, ಮೈಗೆಲ್ಲ ನೋವಿನೆಣ್ಣೆ ತಿಕ್ಕಿ ಮಲಗುತ್ತಿದ್ದೆವು.

ವಾರದ ಕೊನೆಗೆ ಊರ್ಸುಲಾ ನಮ್ಮನ್ನು ತೂಗುಕುರ್ಚಿಯ ಲಿಫ್ಟಿನಲ್ಲಿ ಮೇಲಿನ ಇಳಿಜಾರಿಗೆ ಕರೆದೊಯ್ದಳು. ಮಧ್ಯಾಹ್ನವಷ್ಟೇ. ನಾವು ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಮಂಜು ಕವಿಯಿತು. ನೆಲ ಬಿಳಿ, ಆಕಾಶ ಬಿಳಿ, ಎರಡರ ನಡುವೆ ಗೆರೆಯಿಲ್ಲ. ಒಬ್ಬರ ಹಿಂದೊಬ್ಬರು ಬನ್ನಿ ಎಂದಳು ಊರ್ಸುಲಾ. ಅವಳ ಹಿಂದೆ ಜುಬೇದಾ, ಕೊನೆಗೆ ನಾನು. ಒಂದು ತಿರುವಿನಲ್ಲಿ ಬಲಗಾಲು ಕೆಳಬದಿಗೆ ಬಂದಿತು, ನಾನು ಹೆದರಿ ನಿಂತುಬಿಟ್ಟೆ. ತಲೆಯೆತ್ತಿದಾಗ ಮುಂದೆ ಯಾರೂ ಕಾಣಲಿಲ್ಲ. ಕೂಗಿದೆ. ಉತ್ತರ ಬಂದರೂ ಯಾವ ದಿಕ್ಕಿನಿಂದ ಎಂದು ತಿಳಿಯಲಿಲ್ಲ. ಭಾವ ಹೇಳಿದ್ದೇ ಸರಿಯಾಯಿತು ಎಂದುಕೊಂಡೆ.

ಆಗ ಅದೇ ಜಾಗದಲ್ಲಿ, ಎಡಗಿವಿಯ ಹಿಂದೆ, ಅದೇ ದನಿ, ಅದೇ ಸಮಾಧಾನ. "ತಾಲ್‌ಶೀ."

ತಿರುಗಿ ನೋಡಿದೆ. ಬಿಳಿಯ ಹೊರತು ಏನೂ ಇಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಬಲಗಾಲಿನ ಮೇಲೆ ಭಾರ ಬಿಟ್ಟೆ, ಸ್ಕೀ ತಿರುಗಿತು. ಮತ್ತೊಮ್ಮೆ ಆ ಮಾತು, ಎಡಗಾಲಿಗೆ ಭಾರ, ಮತ್ತೊಂದು ತಿರುವು. ಹೀಗೆ ತಿರುಗುತ್ತಾ ತಿರುಗುತ್ತಾ ಇಳಿದೆ. ಮಂಜಿನೊಳಗಿಂದ ಜುಬೇದಾಳ ಕೆಂಪು ಜಾಕೀಟು ಕಂಡಿತು. ಊರ್ಸುಲಾ ಸ್ಕೀ ಕಳಚಿ ನನ್ನನ್ನು ಹುಡುಕಲು ಮೇಲೆ ಹತ್ತುವುದರಲ್ಲಿದ್ದಳು.

"ಒಬ್ಬಳೇ ಹೇಗೆ ಬಂದೆ?" ಎಂದು ಕೇಳಿದಳು. ನಿಮ್ಮವರು ಯಾರೋ ಹಿಂದಿನಿಂದ ಹೇಳಿಕೊಟ್ಟರು ಎಂದೆ. ಏನೆಂದು ಹೇಳಿದರು ಎಂದಳು. ಹೇಳಿದೆ. ಅವಳ ಮುಖದ ನಗು ನಿಂತಿತು. ತಾಲ್ ಎಂದರೆ ಕಣಿವೆ, ಶೀ ಎಂದರೆ ಸ್ಕೀ. ಕಣಿವೆ ಬದಿಯ ಸ್ಕೀ, ಎಂದರೆ ಕೆಳಗಿನ ಕಾಲು, ಅದರ ಮೇಲೆ ಭಾರ ಹಾಕು ಎಂದು ಅವರ ಭಾಷೆಯಲ್ಲಿ ಮಕ್ಕಳಿಗೆ ಹೇಳುವ ಮಾತಂತೆ. ಹೊರಗಿನವರಿಗೆ ತಾನು ಅದನ್ನು ಎಂದೂ ಹೇಳಿಲ್ಲ ಎಂದಳು. ಮಂಜು ಬಂದ ಕೂಡಲೇ ಲಿಫ್ಟ್ ನಿಲ್ಲಿಸಿದ್ದಾರೆ, ನಿನ್ನ ಹಿಂದೆ ಯಾರೂ ಇರಲಿಲ್ಲ ಎಂದೂ ಹೇಳಿದಳು. ಜುಬೇದಾ ನನ್ನ ತೋಳು ಹಿಡಿದುಕೊಂಡು, "ಅವತ್ತು ಬೇಣದಲ್ಲಿ ಹೇಳಿದ್ಯಲ್ಲ, ಅದೇ ಅಲ್ವಾ?" ಎಂದಳು. ನಾನು ಹೌದೆಂದೆ.

ನೀವು ಏನು ಹೇಳಬಹುದೆಂದು ಗೊತ್ತು. ನಮ್ಮನೆಯವರೂ ಅದನ್ನೇ ಹೇಳಿದರು: ಭಾನುವಾರ ನೋಡಿದ ಯಾವುದೋ ವಿಡಿಯೊದಲ್ಲಿ ಕೇಳಿರುತ್ತೀಯ, ಮಿದುಳು ಇಟ್ಟುಕೊಂಡಿತ್ತು. ಇರಬಹುದು. ಆಮೇಲೆ ಜುಬೇದಾ ಮತ್ತು ನಾನು, ನೋಡಿದ ವಿಡಿಯೊಗಳಲ್ಲಿ ಸಿಕ್ಕಷ್ಟನ್ನು ಮತ್ತೆ ಹಾಕಿ ನೋಡಿದೆವು. ಎಲ್ಲ ಹಿಂದಿ, ಇಂಗ್ಲಿಷು. ಆ ಮಾತು ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ನಿಜವಾಗಿಯೂ ನೆಮ್ಮದಿಯಾಗುತ್ತಿತ್ತು. ಇಷ್ಟಕ್ಕೂ ನನಗೇ ಅರ್ಥ ತಿಳಿಯದ ಮಾತು, ಯಾವ ಕಾಲಿಗೆ ಭಾರ ಹಾಕಬೇಕೆಂದು ನನ್ನ ಮೈಗೆ ಹೇಗೆ ತಿಳಿಸಿತು? ಯಾವ ದೇಶದ ಯಾವ ಮೇಷ್ಟ್ರಿಗೆ ತ್ಯಾಗಲಿಯ ಬೇಣದಲ್ಲಿ ಏನು ಕೆಲಸವಿತ್ತು? ನನಗೆ ಗೊತ್ತಿಲ್ಲ.

ಮರುದಿನ ಬಿಸಿಲು ಹೊಳೆಯುತ್ತಿತ್ತು. ಊರ್ಸುಲಾ ಕೆಳಗಿನ ಇಳಿಜಾರೇ ಸಾಕೆಂದಳು. ಮೇಲೇ ಹೋಗಬೇಕೆಂದು ಹಟ ಹಿಡಿದವಳು ನಾನು. ತುದಿಯಲ್ಲಿ ನಿಂತು ಕಿವಿಗೊಟ್ಟೆ. ಯಾರೂ ಏನೂ ಹೇಳಲಿಲ್ಲ. ಇನ್ನೂ ಸ್ವಲ್ಪ ಕಾದೆ.

"ಯಾರಿಗೆ ಕಾಯ್ತೀಯೆ?" ಎಂದಳು ಜುಬೇದಾ.

"ಯಾರಿಗೂ ಇಲ್ಲ. ಹೋಗುವಾ" ಎಂದು ಹೇಳಿ, ಬಲಗಾಲಿನ ಮೇಲೆ ಭಾರ ಹಾಕಿ ಅವಳಿಗಿಂತ ಮುಂಚೆ ಹೊರಟೆ. ಕೆಳಗೆ ತಲುಪುವವರೆಗೂ ಬೀಳಲಿಲ್ಲ.